ಹೆಗಲು ಸಾಲ ಕೇಳಬಾರದ ಆಸ್ಪತ್ರೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ ಹಿಡಿದು ಬೆಳಿಗ್ಗೆ ಗೇಟು ತೆರೆಯುವ ಡಿ ಗ್ರೂಪ್ ನೌಕರರವರೆಗೆ ಎಲ್ಲರಿಗೂ ಸೇರಿದ್ದು. ಉಪಕೇಂದ್ರಗಳಿಗೂ ಪೇಟೆಯ ನಮ್ಮ ಕ್ಲಿನಿಕ್‌ಗಳಿಗೂ ಇದೇ ಅನ್ವಯ. ನಡೆಯಲಾಗದವರು, ಕಣ್ಣು ಕಾಣದವರು, ಕಿವಿ ಕೇಳದವರು, ಮಾತು ತಡವರಿಸುವವರು, ಹೇಳಿದ್ದು ನಿಧಾನವಾಗಿ ತಲೆಗೆ ಹತ್ತುವವರು ಯಾರೇ ಬರಲಿ, ಇನ್ನೊಬ್ಬರ ಹೆಗಲನ್ನಾಗಲಿ ಬಾಯನ್ನಾಗಲಿ ಸಾಲ ತರದೆ ಡಾಕ್ಟರ ಮುಂದೆ ಬಂದು ಕೂರುವಂತಿರಬೇಕು. ಡಾಕ್ಟರು ಹೇಳಿದ್ದು ಅವರಿಗೇ ತಿಳಿಯಬೇಕು.

"ನಮ್ಮ ಕೇಂದ್ರಕ್ಕೆ ಅಂಥವರು ಬರೋದೇ ಇಲ್ಲ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಲೆಕ್ಕ ಹಾಕಿತ್ತು. 30,000 ಜನಕ್ಕೊಂದು ಕೇಂದ್ರವೆಂದರೆ ಸರಾಸರಿ ನಿಮ್ಮ ವ್ಯಾಪ್ತಿಯಲ್ಲಿ ಸುಮಾರು 650 ಮಂದಿ ಇದ್ದಾರೆ. ಆ ಗಣತಿ ಗುರುತಿಸಿದ್ದು ಎಂಟೇ ಬಗೆಯನ್ನು; ಈಗಿನ ಕಾನೂನು 21 ಬಗೆಯ ವೈಕಲ್ಯವನ್ನು ಗುರುತಿಸುತ್ತದೆ. ಇದರ ಮೇಲೆ ಮೊಣಕಾಲು ಹಿಡಿದ ಅಜ್ಜಿಯರು, ತುಂಬು ಬಸುರಿಯರು, ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋದವರು. ಅವರು ಬರುತ್ತಿಲ್ಲವಾದರೆ, ಕಾಯಿಲೆ ಇಲ್ಲದ್ದರಿಂದ ಅಲ್ಲ, ನಿಮ್ಮ ಮೆಟ್ಟಿಲಿಂದ.

ಗೇಟಿನಿಂದ ಬಾಗಿಲವರೆಗೆ

ಮಾಡಬೇಕಾದ್ದು: ರ‍್ಯಾಂಪನ್ನು ಲೆಕ್ಕ ಹಾಕಿ ಕಟ್ಟಿಸಿ. ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರು ಇಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ, ರ‍್ಯಾಂಪು ಹದಿನೆಂಟು ಅಡಿ. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹತ್ತುವುದಿಲ್ಲ, ಇಳಿಯುವಾಗ ಜಾರಿ ಓಡುತ್ತದೆ. ಅಗಲ 1.2 ಮೀಟರಿಗೆ ಕಡಿಮೆ ಬೇಡ. ಕೆಳಗೂ ಮೇಲೂ ಕುರ್ಚಿ ತಿರುಗಿಸಲು ಒಂದೂವರೆ ಮೀಟರಿನಷ್ಟು ಸಮತಟ್ಟು ಜಾಗ ಬಿಡಿ. ಎರಡೂ ಬದಿಗೆ ಹಿಡಿಕೆ ಹಾಕಿಸಿ. ಲಕ್ವ ಹೊಡೆದವರ ಯಾವ ಕೈಯಲ್ಲಿ ಬಲ ಉಳಿದಿದೆಯೋ ನಿಮಗೆ ಗೊತ್ತಿರುವುದಿಲ್ಲ. ಮೇಸ್ತ್ರಿ ಕಣ್ಣಂದಾಜಿನಲ್ಲಿ ಕಟ್ಟಲು ಹೊರಟರೆ ರಸಮಟ್ಟ ಇಟ್ಟು ತೋರಿಸಲು ಹೇಳಿ. ಬಿಲ್ಲಿಗೆ ಸಹಿ ಹಾಕುವ ಮುನ್ನ ಗಾಲಿಕುರ್ಚಿ ಬಳಸುವ ಊರಿನವರೊಬ್ಬರನ್ನು ಕರೆಸಿ, ಯಾರೂ ನೂಕದೆ ಅವರೇ ಹತ್ತಿ ಇಳಿದು ನೋಡಲಿ. ಅವರು ಒಪ್ಪಿದರೆ ಸಹಿ.

ಗೇಟಿನ ಮುಂದಿನ ಚರಂಡಿಗೆ ಚಪ್ಪಡಿ ಹಾಸಿ. ಒಳಗೆ ಎಂಥ ರ‍್ಯಾಂಪು ಇದ್ದರೇನು, ರಸ್ತೆಗೂ ಗೇಟಿಗೂ ನಡುವೆ ಬಾಯಿ ತೆರೆದ ಚರಂಡಿ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು. ಬಾಗಿಲು ತೆರೆದಾಗ 90 ಸೆಂಟಿಮೀಟರು ಖಾಲಿ ಸಿಗಬೇಕು. ಹೊಸ್ತಿಲು ಬೇಡ.

ಮಾಡಬಾರದ್ದು: ರ‍್ಯಾಂಪಿನ ಮೇಲೆ ಬೈಕು ನಿಲ್ಲಿಸಬೇಡಿ. ಸಿಬ್ಬಂದಿಯ ಬೈಕನ್ನಂತೂ ಮೊದಲು ತೆಗೆಸಿ. ರ‍್ಯಾಂಪಿಗೆ ನುಣುಪು ಗ್ರಾನೈಟ್ ಅಥವಾ ಟೈಲ್ಸ್ ಹಾಕಿಸಬೇಡಿ. ಮಳೆಗಾಲದಲ್ಲಿ ಊರುಗೋಲು ನಿಲ್ಲುವುದಿಲ್ಲ. ಗೆರೆ ಎಳೆದ ಒರಟು ಸಿಮೆಂಟೇ ಒಳ್ಳೆಯದು, ಅಗ್ಗ ಕೂಡ. ಹೂವಿನ ಕುಂಡ ಇಡಬೇಡಿ. ರ‍್ಯಾಂಪಿರುವ ಬದಿಯ ಗ್ರಿಲ್ಲಿಗೆ ಬೀಗ ಜಡಿದು, ಬೀಗದ ಕೈಯನ್ನು ರಜೆಯಲ್ಲಿರುವವರ ಜೇಬಿನಲ್ಲಿ ಬಿಡಬೇಡಿ.

"ಚಪ್ಪಲಿ ಹೊರಗೆ ಬಿಡಿ" ಎಂಬ ಬೋರ್ಡಿನ ಬಗ್ಗೆ ಒಂದು ಮಾತು. ಕ್ಯಾಲಿಪರ್ ಹಾಕಿದವರ ಬೂಟು ಕಾಲಿನ ಕಬ್ಬಿಣದ ಪಟ್ಟಿಗೇ ಸೇರಿರುತ್ತದೆ. ಜೈಪುರ ಕಾಲು ಹಾಕಿದವರಿಗೆ ಬಾಗಿ ಚಪ್ಪಲಿ ಬಿಚ್ಚುವುದೆಂದರೆ ಬೀಳುವುದಕ್ಕೆ ಸಮ. ಕುಷ್ಠದಿಂದ ಪಾದದ ಸ್ಪರ್ಶ ಹೋದವರು ಬರಿಗಾಲಲ್ಲಿ ನಡೆದರೆ ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವರಿಗೂ ಅಷ್ಟೇ. ಇವರಾರನ್ನೂ ಬಾಗಿಲಲ್ಲಿ ತಡೆಯಬೇಡಿ. ನೆಲ ಒರೆಸಿದರೆ ಆಯಿತು.

ಗಾಲಿಕುರ್ಚಿ

ಬಹಳಷ್ಟು ಕೇಂದ್ರಗಳಲ್ಲಿ ಗಾಲಿಕುರ್ಚಿ ಇದೆ. ಎಲ್ಲಿದೆ ಎಂದರೆ ಸ್ಟೋರ್ ರೂಮಿನಲ್ಲಿ, ಹಳೆಯ ರಿಜಿಸ್ಟರುಗಳ ಹಿಂದೆ, ಬೆನ್ನ ಮೇಲೆ ದಾನಿಗಳ ಹೆಸರು ಹೊತ್ತು, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ. ಅದನ್ನು ಹೊರಗೆ ತನ್ನಿ, ಬಾಗಿಲ ಪಕ್ಕದಲ್ಲೇ ಇಡಿ. ವಾರಕ್ಕೊಮ್ಮೆ ಗಾಳಿ, ಬ್ರೇಕು, ಕಾಲಿಡುವ ಹಲಗೆ ನೋಡಿ. ಕೂರಿಸುವ ಮೊದಲು, ಇಳಿಸುವ ಮೊದಲು ಎರಡೂ ಬ್ರೇಕು ಹಾಕಿ. ಇಳಿಜಾರಿನಲ್ಲಿ ಕೆಳಗಿಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ.

ಸ್ವಂತ ಗಾಲಿಕುರ್ಚಿಯಲ್ಲಿ ಬಂದವರ ಕುರ್ಚಿಯನ್ನು ಕೇಳದೆ ಮುಟ್ಟಬೇಡಿ, ನೂಕಬೇಡಿ, ಅದರ ಮೇಲೆ ಫೈಲು ಇಡಬೇಡಿ. ಕುರ್ಚಿ ಒಳಗೆ ಹೋಗುವುದಿಲ್ಲವೆಂದು ರೋಗಿಯನ್ನು ಎತ್ತಿಕೊಂಡು ಹೋಗುವುದು ಸಹಾಯವಲ್ಲ. ಅದು ಬಾಗಿಲು ಕಿರಿದಾಗಿದೆ ಎಂಬುದರ ಒಪ್ಪಿಗೆ. ಬಾಗಿಲನ್ನು ಅಗಲ ಮಾಡಿಸಿ.

ಚೀಟಿ, ಸರದಿ

ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ 25ನೇ ಕಲಮು ಮೂರು ಮಾತು ಹೇಳುತ್ತದೆ: ಸರ್ಕಾರ ನಿಗದಿ ಮಾಡಿದ ಆದಾಯದ ಮಿತಿಯೊಳಗೆ ಹತ್ತಿರದಲ್ಲೇ ಉಚಿತ ಚಿಕಿತ್ಸೆ, ಆಸ್ಪತ್ರೆಯ ಎಲ್ಲ ಭಾಗಕ್ಕೂ ಅಡೆತಡೆ ಇಲ್ಲದ ಪ್ರವೇಶ, ತಪಾಸಣೆಯಲ್ಲೂ ಚಿಕಿತ್ಸೆಯಲ್ಲೂ ಆದ್ಯತೆ. ಆದ್ಯತೆ ಎಂದರೆ ಸರದಿಯಲ್ಲಿ ಮುಂದೆ ಬಿಡುವುದು. ಇದು ದಯೆಯ ಮಾತಲ್ಲವಾದ್ದರಿಂದ ಸಾಲಿನಲ್ಲಿ ನಿಂತ ಉಳಿದವರ ಅನುಮತಿ ಕೇಳಿ ರೋಗಿಯನ್ನು ಮುಜುಗರಕ್ಕೆ ಈಡುಮಾಡಬೇಡಿ. ಗುರುವಾರ ಲಸಿಕೆಯ ಗದ್ದಲ, ಪ್ರತಿ ತಿಂಗಳು 9ರಂದು ಬಸುರಿಯರ ತಪಾಸಣೆಯ ಗದ್ದಲ ನಿಮಗೆ ಗೊತ್ತೇ ಇದೆ. ಸದ್ದಿಗೆ ಬೆಚ್ಚುವ ಆಟಿಸಂ ಮಕ್ಕಳನ್ನು ಅಂಥ ದಿನ ಮೊದಲ ಚೀಟಿಯಲ್ಲೇ ನೋಡಿ ಕಳಿಸಿ.

ಹೆಸರನ್ನು ಕೂಗಿ ಸುಮ್ಮನಾಗಬೇಡಿ. ಕಿವಿ ಕೇಳದವರು ಬೆಂಚಿನ ಮೇಲೆ ಕೂತೇ ಇರುತ್ತಾರೆ, ಸರದಿ ದಾಟಿಹೋಗುತ್ತದೆ, ಕೊನೆಗೆ "ಕರೆದಾಗ ಎಲ್ಲಿ ಹೋಗಿದ್ರಿ" ಎಂಬ ಬೈಗುಳವೂ ಅವರಿಗೇ. ನಂಬರನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ಬೋರ್ಡು ನೋಡಲಾಗದವರಿಗೆ ಬಾಯಲ್ಲಿ ಹೇಳಿ. ಎರಡನ್ನೂ ಮಾಡಿ, ಒಂದು ಮಾಡಿದರೆ ಒಬ್ಬರನ್ನು ಬಿಟ್ಟಂತೆ. ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದವರಿಗೆ ಮಾತ್ರ ಚೀಟಿ ಎನ್ನಬೇಡಿ. ಬೆರಳು ಸವೆದ, ಬೆರಳೇ ಇಲ್ಲದ ಕೈಗೆ ಹೆಬ್ಬೆಟ್ಟು ಒತ್ತಲು ಹಟ ಹಿಡಿಯಬೇಡಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ತಂದಿಲ್ಲವೆಂದು ಚಿಕಿತ್ಸೆ ನಿಲ್ಲಿಸಬೇಡಿ.

ಚೀಟಿ ಬರೆಯುವ ಕೌಂಟರಿನ ಒಂದು ಭಾಗವಾದರೂ ನೆಲದಿಂದ 75ರಿಂದ 80 ಸೆಂಟಿಮೀಟರು ಎತ್ತರದಲ್ಲಿರಲಿ. ಎದೆಮಟ್ಟದ ಕಿಂಡಿಯೊಳಗೆ ಕೂತು ಮಾತಾಡುವ ಪದ್ಧತಿ ಕುಳಿತು ಬಂದವರಿಗೂ ಕುಳ್ಳಗಿರುವವರಿಗೂ ಗೋಡೆಯೇ.

ಪರೀಕ್ಷೆಯ ಕೋಣೆ

ಪರೀಕ್ಷೆಯ ಮಂಚ ಎತ್ತರವಾಗಿದ್ದು, ಹತ್ತಲು ಒಂದು ಅಲುಗಾಡುವ ಕಬ್ಬಿಣದ ಮೆಟ್ಟಿಲು ಇರುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯವರನ್ನು ನೆನೆದುಕೊಳ್ಳಿ. 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಕಾಯಿಲೆ ಸೊಂಟ, ಮೊಣಕಾಲಿನ ಕೀಲುಗಳನ್ನೇ ತಿನ್ನುತ್ತದೆ. ಅಂಥವರಿಗೆ ಆ ಮಂಚ ಬೆಟ್ಟ. ಅವರು ಹತ್ತಲಾರರೆಂದು ಡಾಕ್ಟರು ಕುರ್ಚಿಯಲ್ಲೇ ಕೂರಿಸಿ, ಬಟ್ಟೆಯ ಮೇಲೆಯೇ ಸ್ಟೆತಸ್ಕೋಪು ಇಟ್ಟು, ಮಾತ್ರೆ ಬರೆದು ಕಳಿಸಿಬಿಡುತ್ತಾರೆ. ಹೊಟ್ಟೆ ಮುಟ್ಟಿ ನೋಡುವುದಿಲ್ಲ, ಬೆನ್ನು ನೋಡುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತ ಜಾಗದಲ್ಲೇ ಹುಣ್ಣಾಗಿರುತ್ತದೆ. ನೋವು ತಿಳಿಯದ್ದರಿಂದ ಅವರೂ ಹೇಳುವುದಿಲ್ಲ. ನೀವು ನೋಡದಿದ್ದರೆ ಇನ್ನಾರೂ ನೋಡುವುದಿಲ್ಲ.

ಮಾಡಬೇಕಾದ್ದು: ಗಾಲಿಕುರ್ಚಿಯ ಸೀಟಿನ ಮಟ್ಟಕ್ಕೆ, ಅಂದರೆ 45ರಿಂದ 50 ಸೆಂಟಿಮೀಟರು ಎತ್ತರದ ಒಂದು ಗಟ್ಟಿ ಮಂಚವನ್ನು ಊರಿನ ಬಡಗಿಯಿಂದಲೇ ಮಾಡಿಸಿ. ಕುರ್ಚಿಯಿಂದ ಅದಕ್ಕೆ ಸರಿಯಲು ನಯಗೊಳಿಸಿದ ಒಂದು ಹಲಗೆ ಸಾಕು. ನಿಲ್ಲಲಾಗದವರ ತೂಕ ನೋಡಬೇಕೆ? ಸೊಸೈಟಿಯಲ್ಲಿ ಮೂಟೆ ತೂಗುವಂಥ ಅಗಲ ತಟ್ಟೆಯ ತೂಕದ ಯಂತ್ರದ ಮೇಲೆ ಕುರ್ಚಿ ಸಮೇತ ಹತ್ತಿಸಿ, ಆಮೇಲೆ ಖಾಲಿ ಕುರ್ಚಿಯ ತೂಕ ಕಳೆಯಿರಿ. ಮಕ್ಕಳಾದರೆ ತಾಯಿಯೊಂದಿಗೆ ತೂಗಿ ತಾಯಿಯ ತೂಕ ಕಳೆಯಿರಿ.

ಮಾಡಬಾರದ್ದು: ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ. ಪೋಲಿಯೋದಿಂದ ಕಾಲು ಸಣಕಲಾದವರ ತೂಕ ನಿಮ್ಮ ಅಂದಾಜಿಗಿಂತ ಬಹಳ ಕಡಿಮೆ ಇರಬಹುದು. ಔಷಧದ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ಜ್ವರಕ್ಕೆ ಬಂದವರ ಕಾಲಿನ ಕಥೆ ಕೇಳುತ್ತಾ ಕೂರಬೇಡಿ. ಅವರು ಬಂದದ್ದು ಜ್ವರಕ್ಕೆ.

ಮಾತು

ಇದಕ್ಕೆ ಸಿಮೆಂಟೂ ಬೇಡ, ಅನುದಾನವೂ ಬೇಡ. ಆದರೂ ಹೆಚ್ಚು ತಪ್ಪುಗಳಾಗುವುದು ಇಲ್ಲೇ.

ಮೊದಲನೆಯದು, ರೋಗಿಯೊಂದಿಗೇ ಮಾತಾಡಿ. "ಇವರಿಗೆ ಏನಾಗಿದೆ?" ಎಂದು ಜೊತೆಗೆ ಬಂದವರನ್ನು ಕೇಳಬೇಡಿ. ಸೆರೆಬ್ರಲ್ ಪಾಲ್ಸಿ ಇರುವ ಯುವಕನ ಮಾತು ತಡೆದು ತಡೆದು ಬರುತ್ತದೆ, ಬುದ್ಧಿ ಚುರುಕಾಗಿಯೇ ಇರಬಹುದು. ಅವನ ವಾಕ್ಯವನ್ನು ನೀವು ಮುಗಿಸಬೇಡಿ, ಕಾಯಿರಿ. ಅರ್ಥವಾಗದಿದ್ದರೆ ಅರ್ಥವಾದಂತೆ ತಲೆ ಆಡಿಸದೆ "ಇನ್ನೊಮ್ಮೆ ಹೇಳಪ್ಪ" ಎನ್ನಿ. ದೊಡ್ಡವರನ್ನು ಮಗುವಿನಂತೆ ಏಕವಚನದಲ್ಲಿ ಕರೆಯಬೇಡಿ. ಅರವತ್ತರ ಅಂಧ ಯಜಮಾನರು ನಿಮಗೆ "ಯಜಮಾನರೇ" ಅಷ್ಟೆ. ಕುಂಟ, ಕುರುಡ, ಮೂಗ, ಹುಚ್ಚ ಎಂಬ ಪದಗಳನ್ನು ಚೀಟಿಯಲ್ಲೂ ಬರೆಯಬೇಡಿ, ಹಜಾರದಲ್ಲೂ ಕೂಗಬೇಡಿ. ಅವಮಾನ ಮಾಡುವ ಉದ್ದೇಶದಿಂದ ಸಾರ್ವಜನಿಕರ ಎದುರು ಹೀಯಾಳಿಸಿದರೆ ಅಧಿನಿಯಮದ 92ನೇ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ.

ಕಿವಿ ಕೇಳದವರ ಮುಂದೆ ಕಿರುಚಬೇಡಿ; ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ, ಮುಖದಲ್ಲಿ ಸಿಟ್ಟು ಮಾತ್ರ ಕಾಣುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ನಿಮ್ಮ ಮುಖ ನೆರಳಾಗುತ್ತದೆ. ಸೋಂಕಿನ ಭಯವಿಲ್ಲದ ಕಡೆ ಮಾಸ್ಕು ಇಳಿಸಿ ಮಾತಾಡಿ. ಕಂಪ್ಯೂಟರು ನೋಡುತ್ತಾ ಪ್ರಶ್ನೆ ಕೇಳಬೇಡಿ. ಬರೆದು ತೋರಿಸಿದರೆ ಆಯಿತು ಎಂದುಕೊಳ್ಳಬೇಡಿ. ಹುಟ್ಟಿನಿಂದ ಕೇಳದ ಅನೇಕರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ, ಕನ್ನಡದ ಬರಹ ಎರಡನೆಯದು, ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಅದೂ ಇಲ್ಲ. ಚಿತ್ರ ತೋರಿಸಿ, ಜಾಗ ಮುಟ್ಟಿ ತೋರಿಸಲು ಹೇಳಿ, ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಸನ್ನೆ ಭಾಷೆ ಬಲ್ಲವರನ್ನು ವಿಡಿಯೊ ಕಾಲಿನಲ್ಲಿ ಕರೆಯಲು ಸಾಧ್ಯವಿದ್ದರೆ ಕರೆಯಿರಿ. ಭಾರತೀಯ ಸನ್ನೆ ಭಾಷೆಗೆಂದೇ 2015ರಿಂದ ದೆಹಲಿಯಲ್ಲಿ ರಾಷ್ಟ್ರೀಯ ಸಂಸ್ಥೆಯಿದೆ, ಅದರ ನಿಘಂಟಿನ ವಿಡಿಯೊಗಳನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು. ನೋವು, ಜ್ವರ, ವಾಂತಿ, ಎಷ್ಟು ದಿನ, ಮಾತ್ರೆ, ಅಲರ್ಜಿ, ಗರ್ಭ: ಇಷ್ಟು ಸನ್ನೆಗಳನ್ನು ನರ್ಸಮ್ಮನವರು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

ಸನ್ನೆಯಲ್ಲಿ ಮಾತಾಡುವವರಿಗೆ ಡ್ರಿಪ್ ಹಾಕುವಾಗ ಅವರು ಹೆಚ್ಚು ಬಳಸುವ ಕೈಗೆ ಸೂಜಿ ಚುಚ್ಚಬೇಡಿ. ಆ ಕೈ ಕಟ್ಟಿದರೆ ಅವರ ಬಾಯಿ ಕಟ್ಟಿದಂತೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಇಂಜೆಕ್ಷನ್ ಕೋಣೆಯಲ್ಲಿ ಅಂಟಿಸಿ.

ಕಣ್ಣು ಕಾಣದವರ ಬಳಿ ಹೋದಾಗ ಮೊದಲು ನಿಮ್ಮ ಹೆಸರು ಹೇಳಿ. ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಸೂಜಿ ಚುಚ್ಚುವ ಮುನ್ನ, ಬಟ್ಟೆ ಸರಿಸುವ ಮುನ್ನ ಹೇಳಿ. ಕೋಣೆಯಿಂದ ಹೊರಡುವಾಗಲೂ ಹೇಳಿ ಹೊರಡಿ. ಖಾಲಿ ಕುರ್ಚಿಯೊಂದಿಗೆ ಅವರು ಮಾತಾಡುತ್ತಾ ಕೂರುವಂತೆ ಮಾಡಬೇಡಿ.

ಭಾಷೆಯೂ ಇಲ್ಲಿಗೇ ಸೇರಿದ್ದು. ಕಲಬುರಗಿಯ ತಾಂಡಾದ ಅಜ್ಜಿಗೆ ಲಂಬಾಣಿ, ಕೊಡಗಿನ ಕಾಫಿ ತೋಟಕ್ಕೆ ಬಂದ ಅಸ್ಸಾಮಿನ ಕೂಲಿಗೆ ಕನ್ನಡದ ಒಂದೆರಡೇ ಮಾತು. ಯಾವ ಆಶಾ ಕಾರ್ಯಕರ್ತೆಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ ಮೇಜಿನ ಮೇಲಿರಲಿ.

ಕೊನೆಗೆ "ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ "ಹೂಂ" ಎನ್ನುತ್ತಾರೆ. "ಮನೆಗೆ ಹೋಗಿ ಈ ಮಾತ್ರೆ ಹೆಂಗೆ ತಗೋತೀರಿ, ಹೇಳಿ ನೋಡೋಣ" ಎನ್ನಿ.

ಹೆರಿಗೆ, ಗುಟ್ಟು, ಒಪ್ಪಿಗೆ

ಕಿವಿ ಕೇಳದ ಹೆಣ್ಣುಮಗಳು ಹೆರಿಗೆಗೆ ಬಂದರೆ ನೋವು ಜೋರಾಗುವ ಮೊದಲೇ ಮೂರು ಸನ್ನೆ ಗೊತ್ತು ಮಾಡಿಕೊಳ್ಳಿ: ಮುಕ್ಕು, ನಿಲ್ಲಿಸು, ಉಸಿರು ಬಿಡು. ಅವಳಿಗೆ ಕಾಣುವಂತೆ ಒಬ್ಬರು ತಲೆಯ ಬಳಿ ನಿಲ್ಲಲಿ. ಶ್ರವಣ ಸಾಧನ, ಕನ್ನಡಕಗಳನ್ನು ಅಗತ್ಯವಿಲ್ಲದೆ ಬಿಚ್ಚಿಸಬೇಡಿ. ಹೆರಿಗೆ ಕೋಣೆಯಲ್ಲಿ ಕೈ ಎತ್ತಬೇಡಿ, ಬೈಯಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಹೇಳಬೇಕಾಗಿದೆ.

ಅತ್ತೆಯನ್ನೋ ಗಂಡನನ್ನೋ ದುಭಾಷಿ ಮಾಡಿಕೊಂಡು ಹೆಣ್ಣಿನ ಗುಟ್ಟು ಕೇಳಬೇಡಿ. ಮನೆಯಲ್ಲಿ ಹೊಡೆತ ತಿನ್ನುವವಳು ಹೊಡೆದವರ ಬಾಯಿಂದಲೇ ಅದನ್ನು ಹೇಳಿಸಲಾರಳು. ಹತ್ತು ವರ್ಷದ ಮಗನನ್ನು ದುಭಾಷಿ ಮಾಡಿಕೊಂಡು ತಾಯಿಯ ಮುಟ್ಟಿನ ವಿಚಾರ ಕೇಳುವುದಂತೂ ಬೇಡವೇ ಬೇಡ.

ಸಂತಾನ ಶಕ್ತಿ ಹೋಗುವಂಥ ಯಾವ ಚಿಕಿತ್ಸೆಯನ್ನೂ ವಿಕಲಚೇತನರಿಗೆ ಅವರ ಮುಕ್ತ, ತಿಳಿದ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಅಧಿನಿಯಮದ 10ನೇ ಕಲಮು. ತಂದೆತಾಯಿ "ಮುಂದೆ ತೊಂದರೆ ಬೇಡ, ಗರ್ಭಕೋಶ ತೆಗೆಸಿಬಿಡಿ" ಎಂದು ಬಂದರೆ ರೆಫರಲ್ ಚೀಟಿ ಬರೆದು ಕೈ ತೊಳೆದುಕೊಳ್ಳಬೇಡಿ. ಕಾನೂನು ಹೀಗಿದೆ ಎಂದು ಅವರನ್ನು ಕೂರಿಸಿ ಹೇಳಿ.

ಔಷಧಿ ಕಿಟಕಿ

"ಬಿಳಿ ಮಾತ್ರೆ ಬೆಳಿಗ್ಗೆ, ಕೆಂಪು ರಾತ್ರಿ" ಎಂಬ ಮಾತು ಕಣ್ಣು ಕಾಣದವರಿಗೆ ಉಪಯೋಗಕ್ಕೆ ಬಾರದು. ಬೆಳಗಿನ ಪೊಟ್ಟಣಕ್ಕೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು ಸುತ್ತಿ, ಅವರ ಕೈಗೆ ಕೊಟ್ಟು ಮುಟ್ಟಿಸಿ. ಓದು ಬಾರದವರಿಗೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆಯಿರಿ. ಸಿರಪ್ಪಿಗೆ ಮುಚ್ಚಳದ ಗೆರೆ ನಂಬಬೇಡಿ. ಸೂಜಿ ಇಲ್ಲದ ಸಿರಿಂಜು ಕೊಟ್ಟು, 5 ಎಂಎಲ್‌ಗೆ ಬಂದಾಗ ಅದರ ದಂಡದಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿ ಕೊಡಿ, ಉಗುರಿಗೆ ಸಿಗುತ್ತದೆ. ಬೆರಳು ಮಡಚದವರಿಗೆ ಬಿಗಿ ಮುಚ್ಚಳದ ಡಬ್ಬಿ ಕೊಡಬೇಡಿ. ಮಾತ್ರೆಯ ಹೆಸರೂ ಅವಧಿ ಮುಗಿಯುವ ದಿನವೂ ಇರುವ ತುದಿಯನ್ನು ಕತ್ತರಿಸಿ ಎಸೆಯಬೇಡಿ.

ಶೌಚಾಲಯ

ಕಮೋಡು, ಗೋಡೆಗೆ ಗಟ್ಟಿ ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು, ಕುರ್ಚಿ ತಿರುಗಲು ಒಂದೂವರೆ ಮೀಟರು ಜಾಗ, ಕೈಗೆ ಎಟುಕುವ ನಲ್ಲಿ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಒಳಗೆ ಬಿದ್ದವರನ್ನು ಎತ್ತಲೂ ಆಗುವುದಿಲ್ಲ. ಬೀಗ ಹಾಕಬೇಡಿ. ಬ್ಲೀಚಿಂಗ್ ಪೌಡರು, ಪೊರಕೆ, ಮುರಿದ ಸ್ಟೂಲು ಇಡಬೇಡಿ. ನಡೆಯುವವರು ಮರೆಯಲ್ಲಿ ಹೇಗೋ ಮುಗಿಸಿಕೊಂಡು ಬರುತ್ತಾರೆ. ಕುರ್ಚಿಯಲ್ಲಿ ಬಂದವರು ಆಸ್ಪತ್ರೆಗೆ ಬರುವ ದಿನ ಬೆಳಗಿನಿಂದ ನೀರೇ ಕುಡಿದಿರುವುದಿಲ್ಲ.

ಹಣ ಇಲ್ಲ ಎನ್ನುವವರಿಗೆ

ಆರೋಗ್ಯ ರಕ್ಷಾ ಸಮಿತಿಯ ಮುಕ್ತ ನಿಧಿಯಿದೆ. ಗ್ರಾಮ ಪಂಚಾಯಿತಿ ತನ್ನ ಹಣದಲ್ಲಿ ಶೇಕಡಾ 5ನ್ನು ವಿಕಲಚೇತನರಿಗಾಗಿ ತೆಗೆದಿಡಬೇಕಾಗಿದೆ. ಪಿಡಿಒ ಅವರಿಗೆ ಬರೆದು ಕೇಳಿ. ಪ್ರತಿ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರೂ ವಿಕಲಚೇತನರೇ. ಅವರನ್ನು ಅರ್ಜಿ ತುಂಬಲು ಮಾತ್ರ ಕರೆಯಬೇಡಿ. ನಿಮ್ಮ ಕಟ್ಟಡವನ್ನು ಸುತ್ತಿ ನೋಡಲು ಕರೆಯಿರಿ, ಅವರು ಬರೆಸಿದ್ದನ್ನು ಸಮಿತಿಯ ನಡಾವಳಿಯಲ್ಲಿ ಸೇರಿಸಿ.

ಮನೆಗೇ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ ಒಳ್ಳೆಯದು. "ನಾವೇ ಮನೆಗೆ ಬರ್ತೀವಲ್ಲ" ಎಂದು ಅದನ್ನು ರ‍್ಯಾಂಪು ಕಟ್ಟದಿರಲು ನೆಪ ಮಾಡಿಕೊಳ್ಳಬೇಡಿ.

ಗಡುವಿನ ವಿಷಯಕ್ಕೆ ಬಂದರೆ, ಅಧಿನಿಯಮದ ನಿಯಮಗಳು 2017ರ ಜೂನ್ 15ರಂದು ಪ್ರಕಟವಾದವು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಅಲ್ಲಿಂದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು ಎನ್ನುತ್ತದೆ 45ನೇ ಕಲಮು. ಆ ಐದು ವರ್ಷ 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಖಡಕ್ಕಾಗಿ ಹೇಳಿತು: ಅಡೆತಡೆ ಇಲ್ಲದ ಪ್ರವೇಶದ ಮಾನದಂಡಗಳೆಲ್ಲ ಬರೀ ಶಿಫಾರಸು ಎಂಬಂತೆ ಬರೆದ ನಿಯಮ ಕಾನೂನಿಗೇ ವಿರುದ್ಧ, ಕಡ್ಡಾಯ ಮಾನದಂಡ ಬೇರೆಯಾಗಿ ರೂಪಿಸಿ. ಅಧಿನಿಯಮ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ.

ರೋಗಿಗಳಿಗೆ, ಮನೆಯವರಿಗೆ: ಬಾಯಿಮಾತಿನಲ್ಲಿ ಜಗಳಾಡಿ ಬರಬೇಡಿ. ಯಾವ ದಿನ, ಯಾವ ಬಾಗಿಲು, ಯಾರು ಏನೆಂದರು ಎಂದು ಬರೆದು ವೈದ್ಯಾಧಿಕಾರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಕೆಲಸವಾಗದಿದ್ದರೆ ಅದೇ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಕಳಿಸಿ.

ಸಿಬ್ಬಂದಿಗೆ: ಈ ಸೂಚನೆಯನ್ನು ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ದಪ್ಪ ಅಕ್ಷರದಲ್ಲಿ ಅಂಟಿಸಿ. ಓದಲಾಗದವರು ಕೇಳಿದರೆ ಓದಿ ಹೇಳಿ.